ಊರ ಕೆರೆಗೆ ಬೆಂಗಳೂರಿನ ನೀರು ಬಂದಾಗ ಬೋರ್‌ವೆಲ್ ಇರುವವರು ಏನು ಮಾಡಬೇಕು?

ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ, ಅಂತರ್ಜಲ ಏರಲಿ ಅಂತ ಸುತ್ತಲಿನ ಜಿಲ್ಲೆಗಳ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಇದರ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆರೆ ತುಂಬಿದೆ, ಬೋರ್‌ನಲ್ಲಿ ನೀರು ಏರಿದೆ, ಈ ಬೋರ್ ನೀರನ್ನು ಕುಡಿಯಬಹುದಾ? ಟೊಮೆಟೊಗೆ ಬಿಡಬಹುದಾ? ನಿಂತುಹೋದ ಬೋರ್‌ಗೆ ಕೆರೆ ನೀರನ್ನೇ ಪೈಪ್ ಹಾಕಿ ಇಳಿಸಿದರೆ ಹೇಗೆ?

ಮೊದಲ ಎರಡಕ್ಕೆ ಉತ್ತರ, ಪರೀಕ್ಷೆ ಮಾಡಿ ನೋಡಬೇಕು. ಮೂರನೆಯದಕ್ಕೆ, ಖಂಡಿತ ಬೇಡ. ಯಾಕೆ ಅಂತ ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ಕೆರೆಗೆ ನೀರು ಇನ್ನೂ ಬಂದಿಲ್ಲ, ಬರುವುದರಲ್ಲಿದೆ ಅಂತಾದರೆ ಇನ್ನೂ ಒಳ್ಳೆಯದು. 1 ಮತ್ತು 2ನೇ ಹಂತ ನಿಮಗಾಗಿಯೇ.

ಇದು ಯಾವ ನೀರು?

ಬೆಂಗಳೂರಿನ ಮನೆಗಳ ಬಚ್ಚಲು, ಪಾಯಿಖಾನೆ, ಅಡುಗೆಮನೆಯ ನೀರು ಒಳಚರಂಡಿಯಲ್ಲಿ ಹರಿದು ಸಂಸ್ಕರಣಾ ಘಟಕ ಸೇರುತ್ತದೆ. ಎಲ್ಲರೂ ಎಸ್‌ಟಿಪಿ ಅನ್ನುವುದು ಇದಕ್ಕೇ. ಅಲ್ಲಿ ಮೊದಲ ಹಂತದಲ್ಲಿ ಕಸ, ಮರಳು, ತಳಕ್ಕೆ ಕೂರುವ ಗಷ್ಟು ಬೇರೆಯಾಗುತ್ತದೆ. ಎರಡನೇ ಹಂತದಲ್ಲಿ ದೊಡ್ಡ ತೊಟ್ಟಿಗಳಿಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಮುಗಿಸುತ್ತವೆ. ಮೂರನೇ ಹಂತವೂ ಇದೆ. ಅದರಲ್ಲಿ ನೀರನ್ನು ಇನ್ನೂ ಸಣ್ಣಗೆ ಸೋಸಿ, ಉಳಿದ ಸಾರಜನಕ, ರಂಜಕ ತೆಗೆದು, ರೋಗಾಣುಗಳನ್ನು ಕೊಲ್ಲುತ್ತಾರೆ.

ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ ಎರಡನೇ ಹಂತ ಮುಗಿಸಿದ ನೀರನ್ನು ಕೊಡುವ ಲೆಕ್ಕದಲ್ಲಿ ಶುರುವಾಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ 126 ಕೆರೆಗಳಿಗೆ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಮೊದಲ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಗಿ, ಆಮೇಲೆ ನೀರು ಮತ್ತೆ ಹರಿಯಿತು. ಇದೇ ಬಗೆಯದ್ದು ಎಚ್.ಎನ್. ವ್ಯಾಲಿ. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಸುತ್ತಲಿನ 65 ಕೆರೆಗಳಿಗೆ ಕೊಡುವ ಯೋಜನೆ.

ಮೂರನೇ ಹಂತವೂ ಆಗಲೇಬೇಕು ಅಂತ ನೀರಾವರಿ ಹೋರಾಟಗಾರರು ಮೊದಲಿನಿಂದ ಕೇಳುತ್ತಿದ್ದಾರೆ. ಕೇಳುವುದು ನ್ಯಾಯವಾಗಿಯೇ ಇದೆ. ಆದರೆ ಅದಾಗುವ ತನಕ ಆ ಕೆಲಸವನ್ನೆಲ್ಲ ಮಾಡಬೇಕಾಗಿರುವುದು ಕೆರೆ ತಳದ ಮಣ್ಣು. ನೀರು ಕೆರೆಯಿಂದ ನಿಮ್ಮ ಬೋರ್‌ಗೆ ಬರುವ ದಾರಿಯಲ್ಲಿ ಈ ಮಣ್ಣೇ ಕೊನೆಯ ಜರಡಿ. ಮುಂದೆ ಬರುವ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲು ಈ ಜರಡಿಯನ್ನು ತಪ್ಪಿಸಿ ನೀರು ಕೆಳಗಿಳಿಯದ ಹಾಗೆ ನೋಡಿಕೊಳ್ಳುವುದರ ಬಗ್ಗೆಯೇ.

ಮಣ್ಣು ಏನು ಹಿಡಿಯುತ್ತೆ, ಏನು ಬಿಡುತ್ತೆ ಅನ್ನುವುದೂ ಗೊತ್ತಿರಲಿ. ಬ್ಯಾಕ್ಟೀರಿಯಾ ಬಹಳ ಮಟ್ಟಿಗೆ ಮಣ್ಣಿನಲ್ಲೇ ಸಿಕ್ಕಿಹಾಕಿಕೊಂಡು ಸಾಯುತ್ತವೆ. ರಂಜಕ ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದರೆ ಉಪ್ಪು ಮತ್ತು ನೈಟ್ರೇಟ್, ಅಂದರೆ ಸಾರಜನಕವು ಆಮ್ಲಜನಕದ ಜೊತೆ ಸೇರಿ ಆಗುವ ಲವಣ, ನೀರಿನ ಜೊತೆ ಸಲೀಸಾಗಿ ಇಳಿಯುತ್ತವೆ. ಇನ್ನೊಂದು ತೊಡಕು ನಮ್ಮ ನೆಲದ್ದು. ಇಸ್ರೇಲ್‌ನ ಟೆಲ್ ಅವೀವ್ ಹತ್ತಿರ ಶಾಫ್‌ದಾನ್ ಅನ್ನುವ ಕಡೆ ಇದೇ ಕೆಲಸ ದಶಕಗಳಿಂದ ನಡೆದಿದೆ, ಅಲ್ಲಿರುವುದು ಆಳವಾದ ಮರಳು. ಕೋಲಾರದಲ್ಲಿ ಮೇಲೆ ಒಂದಿಷ್ಟು ಗರಸು, ಅದರ ಕೆಳಗೆ ಬಂಡೆ. ಬಂಡೆಯ ಬಿರುಕಿಗೆ ಬಿದ್ದ ನೀರನ್ನು ಅಲ್ಲಿಂದ ಮುಂದೆ ಸೋಸುವವರು ಯಾರೂ ಇಲ್ಲ.

ಬೇಕಾಗುವ ಸಾಮಾನು

200 ಲೀಟರ್‌ನ ಒಂದು ಡ್ರಮ್. ಗಡಿಯಾರಕ್ಕೆ ಮೊಬೈಲ್ ಸಾಕು. ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ನೋಟ್‌ಬುಕ್. ನೋಟ್‌ಬುಕ್ ಸುಮ್ನೆ ಹೇಳಿದ್ದಲ್ಲ, ಒಂದು ವರ್ಷ ಕಳೆದ ಮೇಲೆ ಅದರ ಬೆಲೆ ತಿಳಿಯುತ್ತದೆ.

1. ಕೆರೆ ಒಣಗಿದ್ದಾಗಲೇ ಹಳೆ ಬೋರ್‌ಗಳನ್ನು ಮುಚ್ಚಿಸಿ

ಬಹಳ ಊರುಗಳಲ್ಲಿ ಯಾರೂ ಯೋಚಿಸದೆ ಬಿಟ್ಟಿರುವುದು ಇದೊಂದನ್ನು. ಬರಗಾಲದಲ್ಲಿ ಕೆರೆ ಅಂಗಳದೊಳಗೇ ಬೋರ್ ಕೊರೆಸಿದ್ದಾರೆ. ನೀರು ಬೀಳಲಿಲ್ಲ, ಕೇಸಿಂಗ್ ಪೈಪ್ ಕಿತ್ತುಕೊಂಡು ಹೋದರು, ಬಾಯಿಗೊಂದು ಕಲ್ಲು ಇಟ್ಟರು. ಈಗ ಕೆರೆ ತುಂಬಿದರೆ ಆ ತೂತು ನೀರಿನಡಿಗೆ ಹೋಗುತ್ತದೆ. ಕೆರೆಯ ನೀರು ಮಣ್ಣಿನ ಗೊಡವೆಯೇ ಇಲ್ಲದೆ ನೇರವಾಗಿ ನೂರಾರು ಅಡಿ ಕೆಳಗಿನ ಬಿರುಕಿಗೆ ಇಳಿಯುತ್ತದೆ. ಅದೇ ಬಿರುಕು ಪಕ್ಕದ ಹೊಲದ ಬೋರ್‌ಗೂ ಹೋಗಿರಬಹುದು, ಊರಿನ ಕುಡಿಯುವ ನೀರಿನ ಬೋರ್‌ಗೂ ಹೋಗಿರಬಹುದು.

ಹಾಗಾಗಿ ಊರಿನ ಹಿರಿಯರನ್ನು, ಕೆರೆ ನೀರು ಹಂಚುವ ನೀರಗಂಟಿ ಇದ್ದರೆ ಅವರನ್ನು ಕರೆದುಕೊಂಡು ಕೆರೆ ಅಂಗಳ ಸುತ್ತಿ. ಎಲ್ಲೆಲ್ಲಿ ಕೊರೆದಿದ್ದಾರೆ ಅನ್ನುವುದು ಅವರ ಬಾಯಲ್ಲೇ ಇರುತ್ತದೆ. ಪಟ್ಟಿ ಮಾಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತವಾಗಿ ಕೊಡಿ. ಮುಚ್ಚುವುದು ಅಂದರೆ ಕಲ್ಲು ಇಡುವುದಲ್ಲ. ಕೆಳಗಿನಿಂದ ಸ್ವಚ್ಛ ಮರಳು, ಜಲ್ಲಿ ತುಂಬಿಸಿ, ಮೇಲಿನ ಹತ್ತಿಪ್ಪತ್ತು ಅಡಿಯನ್ನು ಸಿಮೆಂಟ್ ಗಾರೆಯಿಂದ ಗಟ್ಟಿಮಾಡಬೇಕು. ಕಸ, ಹಳೆ ಚಪ್ಪಲಿ, ಕಟ್ಟಡದ ಪುಡಿ ತುಂಬಿಸಬೇಡಿ. ಮಕ್ಕಳು ಬೀಳುವ ಅಪಾಯವೂ ಇದರಿಂದ ತಪ್ಪುತ್ತದೆ.

ಚಾಲ್ತಿಯಲ್ಲಿರುವ ನಿಮ್ಮ ಬೋರ್‌ನ ಬಾಯಿಯನ್ನೂ ನೋಡಿ. ಕೇಸಿಂಗ್ ನೆಲದಿಂದ ಎರಡಡಿಯಾದರೂ ಮೇಲಿರಲಿ. ಸುತ್ತ ಹೊರಗೆ ಇಳಿಜಾರಾಗಿರುವ ಸಿಮೆಂಟ್ ಕಟ್ಟೆ ಇರಲಿ. ಕೇಸಿಂಗ್‌ಗೂ ನೆಲಕ್ಕೂ ನಡುವೆ ಕೈ ಹೋಗುವಷ್ಟು ಸಂದು ಇರುವ ಬೋರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಳೆ ಬಂದಾಗ ಕೊಟ್ಟಿಗೆಯ ಗಂಜಲವೂ ಅಲ್ಲಿಂದಲೇ ಒಳಗಿಳಿಯುತ್ತದೆ.

2. ನೀರು ಬರುವ ಮೊದಲಿನ ಲೆಕ್ಕ ಬರೆದಿಡಿ

ಮುಂದೆ ನೀರು ಕೆಟ್ಟಿತು ಅಂತ ನೀವು ದೂರು ಕೊಟ್ಟರೆ ಮೊದಲ ಪ್ರಶ್ನೆ, ಮೊದಲು ಹೇಗಿತ್ತು? ಉತ್ತರ ಕಾಗದದ ಮೇಲಿರಬೇಕು.

ಇಳುವರಿ ಅಳೆಯುವುದು ಸುಲಭ. ಮೋಟಾರ್ ಹಾಕಿ ಅರ್ಧ ಗಂಟೆ ಓಡಲು ಬಿಡಿ. ಮೊದಮೊದಲು ಬರುವುದು ಬೋರ್‌ನಲ್ಲಿ ನಿಂತಿದ್ದ ನೀರು, ಅದನ್ನು ಅಳೆದರೆ ಲೆಕ್ಕ ಜಾಸ್ತಿ ತೋರಿಸುತ್ತದೆ. ಆಮೇಲೆ ಪೈಪನ್ನು ಡ್ರಮ್ಮಿಗೆ ತಿರುಗಿಸಿ ಎಷ್ಟು ಸೆಕೆಂಡಿಗೆ ತುಂಬಿತು ನೋಡಿ. 200 ಲೀಟರ್ 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಒಂದೂವರೆ ಇಂಚು, ಎರಡು ಇಂಚು ನೀರು ಅನ್ನುವುದು ನಮ್ಮ ರೂಢಿಯ ಮಾತು. ಅಂದಾಜಿಗೆ ಸರಿ, ಈ ಕೆಲಸಕ್ಕೆ ಲೀಟರ್‌ನಲ್ಲೇ ಬರೆಯಿರಿ.

ನೀರಿನ ಮಟ್ಟ ಬೇಕಿದ್ದರೆ ರಾತ್ರಿಯಿಡೀ ಮೋಟಾರ್ ನಿಲ್ಲಿಸಿ, ಬೆಳಗ್ಗೆ ಶುರು ಮಾಡುವ ಮೊದಲು ಅಳೆಯಬೇಕು. ಹತ್ತಿರದಲ್ಲಿ ತೆರೆದ ಬಾವಿ ಇದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ಅದನ್ನೇ ಅಳೆಯಿರಿ. ಮೋಟಾರ್ ಇರುವ ಬೋರ್‌ಗೆ ಹಗ್ಗ ಇಳಿಸಬೇಡಿ, ಕೇಬಲ್‌ಗೆ ಸುತ್ತಿಕೊಂಡರೆ ಮೋಟಾರ್ ಮೇಲೆತ್ತುವ ಖರ್ಚು ನಿಮ್ಮದೇ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಲೆಕ್ಕ. ಮೀಟರ್ ಅದ್ದಿ ಬರುವ ಅಂಕಿ ಬರೆದುಕೊಳ್ಳಿ. ಇದರ ಜೊತೆಗೆ ಒಂದು ಸಲ ಪೂರ್ತಿ ಪ್ರಯೋಗಾಲಯ ಪರೀಕ್ಷೆ ಮಾಡಿಸಿ. ಹೇಗೆ ಅಂತ 4ರಲ್ಲಿದೆ.

3. ನೀರು ಬಂದ ಮೇಲೆ ಈ ಕೆಲಸಗಳನ್ನು ಮಾಡಬೇಡಿ

ಕೆರೆಗೆ, ಕಾಲುವೆಗೆ ನೇರ ಮೋಟಾರ್ ಇಡಬೇಡಿ. ಈ ಯೋಜನೆಯ ಕೆರೆಗಳು ಅಂತರ್ಜಲ ತುಂಬಿಸಲಿಕ್ಕೆ. ಅಚ್ಚುಕಟ್ಟಿಗೆ ಹರಿಸಲಿಕ್ಕೂ ಅಲ್ಲ, ನೇರ ಎತ್ತಲಿಕ್ಕೂ ಅಲ್ಲ. ಹಾಗೆ ಎತ್ತುವುದು ನಿಷಿದ್ಧ. ಕಾನೂನಿನ ಮಾತು ಒಂದು ಕಡೆ ಇರಲಿ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ತಾನೇ ಮುಂದಿನ ಕೆರೆಗೆ ನೀರು? ಮೇಲಿನ ಊರಿನಲ್ಲಿ ಹತ್ತು ಮೋಟಾರ್ ಇಟ್ಟರೆ ಕೆಳಗಿನ ಊರಿನ ಕೆರೆ ಒಣಗಿಯೇ ಇರುತ್ತದೆ. ಜೊತೆಗೆ ನಿಮ್ಮ ಬೆಳೆಗೆ ಬೀಳುವುದು ಮಣ್ಣಿನಲ್ಲಿ ಸೋಸದ ನೀರು.

ನಿಂತ ಬೋರ್‌ಗೆ ಕೆರೆ ನೀರು ಇಳಿಸಬೇಡಿ. ಇಂಗುಗುಂಡಿ ಮಾಡಿ ಬೋರ್ ರೀಚಾರ್ಜ್ ಮಾಡುವುದನ್ನು ನೀವು ನೋಡಿರಬಹುದು. ಅದು ಮಳೆ ನೀರಿಗೆ ಮಾಡುವ ಕೆಲಸ. ಅದೇ ಗುಂಡಿಗೆ ಕೆರೆ ನೀರು ತಿರುಗಿಸಿದ ಒಬ್ಬ ರೈತರ ಬೋರ್ ನನಗೆ ಗೊತ್ತು. ಎರಡು ವಾರ ನೀರು ಜೋರಾಗಿ ಬಂತು, ಮೂರನೇ ವಾರ ವಾಸನೆ ಬಂತು. ಎರಡಡಿ ಜಲ್ಲಿ, ಇದ್ದಿಲು, ಮರಳು ಹಾಕಿದ್ದೇನಲ್ಲ ಅನ್ನುವುದು ಅವರ ವಾದ. ಅಷ್ಟು ಹಾಕಿದರೆ ಕಸ ನಿಲ್ಲುತ್ತೆ, ರೋಗಾಣು ನಿಲ್ಲಲ್ಲ. ಅಮೆರಿಕದ ಆರೆಂಜ್ ಕೌಂಟಿಯಲ್ಲಿ 2008ರಿಂದ ಚರಂಡಿ ನೀರನ್ನು ಬಾವಿಗಳ ಮೂಲಕವೂ ಭೂಮಿಗೆ ಇಳಿಸುತ್ತಾರೆ, ನಿಜ. ಆದರೆ ಇಳಿಸುವ ಮೊದಲು ಸೂಕ್ಷ್ಮ ಶೋಧನೆ, ಆರ್‌ಒ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ನೇರಳಾತೀತ ಬೆಳಕು, ಇಷ್ಟನ್ನೂ ದಾಟಿಸುತ್ತಾರೆ. ನಮ್ಮ ಜಲ್ಲಿ ಗುಂಡಿಯನ್ನು ಅದಕ್ಕೆ ಹೋಲಿಸಲಾಗದು.

ಕೆರೆಯನ್ನು ಸಿಕ್ಕಾಪಟ್ಟೆ ಆಳ ಮಾಡಬೇಡಿ. ಹೂಳು ತೆಗೆಯುವುದು ಬೇಕು. ಸಣ್ಣ ಜೇಡಿ, ಸತ್ತ ಪಾಚಿ ಸೇರಿ ತಳದಲ್ಲಿ ಕೆನೆಯ ಹಾಗೆ ಪದರ ಕಟ್ಟಿದರೆ ನೀರು ಇಂಗುವುದೇ ನಿಲ್ಲುತ್ತದೆ. ಶಾಫ್‌ದಾನ್‌ನಲ್ಲಿ ಕೊಳಗಳನ್ನು ಸರದಿಯ ಮೇಲೆ ತುಂಬಿಸಿ, ಒಣಗಿಸಿ, ಉಳುಮೆ ಮಾಡುವುದು ಇದಕ್ಕೇ. ನಮ್ಮ ಹಿರಿಯರೂ ಬೇಸಿಗೆಯಲ್ಲಿ ಗೋಡು, ಅಂದರೆ ಕೆರೆಯ ಹೂಳು ಮಣ್ಣು ಹೊಡೆಯುತ್ತಿದ್ದರು ಅಲ್ವಾ? ಆದರೆ ಜೆಸಿಬಿ ಸಿಕ್ಕಿತು ಅಂತ ಗರಸನ್ನೂ ಬಗೆದು ಬಂಡೆ ತೋರಿಸಿದರೆ ಜರಡಿಯನ್ನೇ ಕಿತ್ತು ಹಾಕಿದಂತೆ. ಏರಿಯ ಬುಡದಲ್ಲಂತೂ ಅಗೆಯಲೇಬೇಡಿ. ಇನ್ನೊಂದು ಮಾತು, ವರ್ಷಗಟ್ಟಲೆ ಈ ನೀರು ನಿಂತ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ಮೊದಲು ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳಿಗೆ ಪರೀಕ್ಷೆ ಮಾಡಿಸಿ.

4. ನೀರಿನ ಮಾದರಿ ತೆಗೆಯುವುದು

ಪರೀಕ್ಷೆ ತಪ್ಪಾಗುವುದು ಸಾಮಾನ್ಯವಾಗಿ ಪ್ರಯೋಗಾಲಯದಲ್ಲಲ್ಲ, ನಮ್ಮ ಕೈಯಲ್ಲಿ. ಎರಡು ಬಾಟಲಿ ಬೇಕು, ಎರಡರ ರೀತಿಯೂ ಬೇರೆ.

ರಾಸಾಯನಿಕ ಪರೀಕ್ಷೆಗೆ ಒಂದು ಲೀಟರ್‌ನ ಶುಭ್ರ ಪ್ಲಾಸ್ಟಿಕ್ ಬಾಟಲಿ. ಅದೇ ಬೋರ್ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿಸಿ. ಕೂಲ್‌ಡ್ರಿಂಕ್ಸ್ ಬಾಟಲಿ, ಔಷಧಿ ಡಬ್ಬ ಬೇಡ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ರೋಗಾಣುರಹಿತ ಬಾಟಲಿ ಕೊಡುತ್ತಾರೆ. ಇದನ್ನು ತೊಳೆಯಬಾರದು, ಗಲಬರಿಸಬಾರದು. ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ನಲ್ಲಿ ಲೋಹದ್ದಾದರೆ ಅದರ ಬಾಯಿಯನ್ನು ಸ್ಪಿರಿಟ್ ಅದ್ದಿದ ಹತ್ತಿಯ ಉರಿಯಿಂದ ಸುಡಿ. ಪ್ಲಾಸ್ಟಿಕ್ ಆದರೆ ಸ್ಪಿರಿಟ್‌ನಿಂದ ಒರೆಸಿದರೆ ಸಾಕು. ಐದು ನಿಮಿಷ ನೀರು ಹರಿಯಬಿಡಿ. ಈಗ ಮುಚ್ಚಳ ತೆಗೆದು ಅದನ್ನು ಕೈಯಲ್ಲೇ ಹಿಡಿದುಕೊಳ್ಳಿ, ನೆಲದ ಮೇಲೆ ಇಡಬೇಡಿ, ಒಳಬದಿ ಮುಟ್ಟಬೇಡಿ. ಬಾಟಲಿಯನ್ನು ನಲ್ಲಿಗೆ ತಾಗಿಸದೆ ತುಂಬಿಸಿ, ಮೇಲೆ ಒಂದು ಬೆರಳಷ್ಟು ಜಾಗ ಬಿಡಿ. ಮುಚ್ಚಿ, ಮಂಜುಗಡ್ಡೆ ಹಾಕಿದ ಡಬ್ಬದಲ್ಲಿಟ್ಟು ಅವತ್ತೇ ತಲುಪಿಸಿ. ಶನಿವಾರ ಮಧ್ಯಾಹ್ನ ಮಾದರಿ ತೆಗೆದು ಸೋಮವಾರ ಕೊಟ್ಟರೆ ಆ ವರದಿಗೆ ಅರ್ಥವಿಲ್ಲ.

ಪಂಚಾಯಿತಿಗಳಿಗೆ ಜಲಜೀವನ್ ಮಿಷನ್‌ನಡಿ ಪರೀಕ್ಷಾ ಕಿಟ್ ಕೊಟ್ಟಿರುತ್ತಾರೆ. ಮೊದಲ ಅಂದಾಜಿಗೆ ಅದು ಸಾಕು. ಸಂದೇಹ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ.

5. ವರದಿ ಓದುವುದು

ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ನೋಡಬೇಕಾದವು ಇಷ್ಟು:

- ಇ. ಕೋಲಿ: 100 ಮಿ.ಲೀ.ನಲ್ಲಿ ಒಂದೂ ಇರಬಾರದು. ಮಲದಿಂದ ಬರುವ ಬ್ಯಾಕ್ಟೀರಿಯಾ ಇದು.
- ನೈಟ್ರೇಟ್: 45ರ ಒಳಗೆ.
- ಫ್ಲೋರೈಡ್: 1ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ.
- ಟಿಡಿಎಸ್: 500ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 2,000 ತನಕ.

ನೈಟ್ರೇಟ್ ಸಾಲಿನಲ್ಲಿ ಬಹಳ ಜನ ಎಡವುತ್ತಾರೆ. ಕೆಲವು ಪ್ರಯೋಗಾಲಯಗಳು ನೈಟ್ರೇಟ್ ಎಷ್ಟಿದೆ ಅಂತ ಬರೆಯುತ್ತವೆ, ಕೆಲವು ಅದರೊಳಗಿನ ಸಾರಜನಕ ಎಷ್ಟು ಅಂತ ಬರೆಯುತ್ತವೆ. ಎರಡನೇ ಲೆಕ್ಕದಲ್ಲಿ ಮಿತಿ 45 ಅಲ್ಲ, ಸುಮಾರು 10. ವರದಿಯಲ್ಲಿ 14 ಅಂತ ನೋಡಿ, 45ಕ್ಕಿಂತ ಕಮ್ಮಿಯಿದೆ ಬಿಡು ಅಂದುಕೊಂಡರೆ ಮೋಸಹೋದಿರಿ. ಯಾವ ಲೆಕ್ಕ ಅಂತ ಫೋನ್ ಮಾಡಿ ಕೇಳಿ.

ಕೋಲಾರದ ಆಳದ ಬೋರ್‌ಗಳಿಗೆ ಫ್ಲೋರೈಡ್ ಹಳೇ ಕಾಟ. ಹೊಸ ನೀರು ಬೆರೆತು ಅದು ಕಮ್ಮಿಯಾಗಲೂಬಹುದು. ಹಾಗಾಗಿ ನೀರು ಬರುವ ಮೊದಲು ಮಾಡಿಸಿದ ಹಳೆ ವರದಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೊಸದನ್ನು ಓದಿ. ಏನು ಇಳಿದಿದೆ, ಏನು ಏರಿದೆ ಎರಡೂ ಕಾಣಲಿ.

6. ಕುಡಿಯುವುದು

ಕೆರೆಯ ನೀರು ಯಾರಿಗೂ ಬೇಡ, ಕುದಿಸಿದರೂ ಬೇಡ. ಕೆರೆ ಪಕ್ಕದ ಬೋರ್ ನೀರನ್ನು ವರದಿ ಬರುವ ತನಕ ಕುಡಿಯಲು ಬಳಸಬೇಡಿ. ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ. ಕುದಿಸಿದರೆ ರೋಗಾಣು ಸಾಯುತ್ತವೆ. ನೈಟ್ರೇಟ್ ಮಾತ್ರ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಹಾಕಿದರೂ ಅಷ್ಟೇ. ಆರ್‌ಒ ಆದರೆ ಅದನ್ನು ತಗ್ಗಿಸುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಪುಡಿ ಹಾಲು ಕಲಸುವ ಮನೆಯವರು ಇದನ್ನು ಎರಡು ಸಲ ಓದಿ. ನೈಟ್ರೇಟ್ ಜಾಸ್ತಿಯಾದರೆ ಕೂಸಿನ ರಕ್ತ ಆಮ್ಲಜನಕ ಸಾಗಿಸಲಾಗದೆ ಮೈ ನೀಲಿಗಟ್ಟುತ್ತದೆ.

ದನಕರುಗಳ ವಿಷಯದಲ್ಲೂ ಜೋಪಾನ. ಬೇಸಿಗೆಯಲ್ಲಿ ಕೆರೆ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟಿದರೆ ಅದರಲ್ಲಿ ವಿಷ ಇರಬಹುದು. ಅಂಥ ದಿನಗಳಲ್ಲಿ ಕೆರೆಗೆ ಬಿಡದೆ ತೊಟ್ಟಿಯಲ್ಲಿ ನೀರು ಕುಡಿಸಿ.

7. ಬೆಳೆಗೆ ಬಿಡುವುದು

ಬೋರ್ ನೀರಿನಲ್ಲಿ ನೈಟ್ರೇಟ್ 45ರ ಆಸುಪಾಸು ಇದ್ದರೆ ನೀವು ನೀರಿನ ಜೊತೆ ಗೊಬ್ಬರವನ್ನೂ ಬಿಡುತ್ತಿದ್ದೀರಿ. ಎಕರೆ ಟೊಮೆಟೊಗೆ ಬೆಳೆ ಮುಗಿಯುವಷ್ಟರಲ್ಲಿ 16 ಲಕ್ಷ ಲೀಟರ್ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಅದರಲ್ಲಿ ಸುಮಾರು 16 ಕೆ.ಜಿ. ಸಾರಜನಕ ಇರುತ್ತದೆ, ಅಂದರೆ 35 ಕೆ.ಜಿ. ಯೂರಿಯಾ. 45 ಕೆ.ಜಿ. ಚೀಲದ ಮುಕ್ಕಾಲು ಪಾಲು. ಇದನ್ನು ಲೆಕ್ಕಕ್ಕೆ ಹಿಡಿಯದೆ ಮಾಮೂಲಿ ಯೂರಿಯಾ ಸುರಿದರೆ ಗಿಡ ಸೊಂಪಾಗಿ ಎಲೆ ಬಿಡುತ್ತದೆ, ಕಾಯಿ ಹಿಂದೆ ಬೀಳುತ್ತದೆ. ಉಳಿದ ನೈಟ್ರೇಟ್ ಮತ್ತೆ ನಿಮ್ಮದೇ ಬೋರ್‌ಗೆ ಇಳಿಯುತ್ತದೆ.

ಉಪ್ಪಿನ ಮೇಲೂ ಕಣ್ಣಿಡಿ. ಟಿಡಿಎಸ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಡ್ರಿಪ್ ಬಿಂದುವಿನ ಸುತ್ತ ಬಿಳಿ ಹೊಪ್ಪಳೆ ಕಂಡರೆ, ಮೊದಲು ಬಾಡುವುದು ಬೀನ್ಸ್‌ನಂಥ ಸೂಕ್ಷ್ಮ ಬೆಳೆ. ಒಂದು ಒಳ್ಳೆ ಮಳೆ ಬಿದ್ದರೆ ಮೇಲಿನ ಉಪ್ಪು ತೊಳೆದುಹೋಗುತ್ತದೆ. ಮಳೆ ಇಲ್ಲದ ಮುಚ್ಚಿದ ಪಾಲಿಹೌಸ್‌ನಲ್ಲಿ ಅದು ಕೂಡುತ್ತಲೇ ಹೋಗುತ್ತದೆ.

ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್‌ನಂಥ ಹಸಿಯಾಗಿ ತಿನ್ನುವವಕ್ಕೆ ಇ. ಕೋಲಿ ಇಲ್ಲದ ನೀರೇ ಬೇಕು. ಸ್ಪ್ರಿಂಕ್ಲರ್‌ಗಿಂತ ಡ್ರಿಪ್ ವಾಸಿ, ಎಲೆಗೆ ನೀರು ತಾಗಲ್ಲ. ಹಿಪ್ಪುನೇರಳೆ, ಮಾವು, ಮೇವಿನ ಜೋಳಕ್ಕೆ ಇಷ್ಟು ತಲೆಬಿಸಿ ಇಲ್ಲ.

8. ಏನು ಕಂಡರೆ ದೂರು ಕೊಡಬೇಕು

ನೊರೆ. ಕಪ್ಪಗಾದ ನೀರು. ಮೊಟ್ಟೆ ಕೊಳೆತ ವಾಸನೆ. ಬೆಳಗಿನ ಹೊತ್ತು ಸತ್ತು ತೇಲುವ ಮೀನು (ರಾತ್ರಿ ನೀರಿನಲ್ಲಿ ಆಮ್ಲಜನಕ ಕುಸಿದಿರುವುದರ ಗುರುತು). ಇವುಗಳಲ್ಲಿ ಯಾವುದು ಕಂಡರೂ ಮೊದಲು ದಿನಾಂಕ, ಸಮಯ ಕಾಣುವ ಹಾಗೆ ಫೋಟೊ ತೆಗೆಯಿರಿ. ಅವತ್ತೇ ಒಂದು ಬಾಟಲಿ ನೀರು ಹಿಡಿದಿಡಿ. ಆಮೇಲೆ ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಈ ಮೂರಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ಫೋನಿನಲ್ಲಿ ಹೇಳಿದ್ದು ಯಾರ ನೆನಪಿನಲ್ಲೂ ಉಳಿಯಲ್ಲ. ದೂರಿಗೆ ಮೊದಲು ನಿಮ್ಮೂರಿನ ಚರಂಡಿ ಎಲ್ಲಿಗೆ ಬೀಳುತ್ತಿದೆ ಅಂತ ಒಮ್ಮೆ ನಡೆದು ನೋಡಿ. ಕೆರೆ ಕೆಡಿಸುವುದರಲ್ಲಿ ಅದರ ಪಾಲೂ ಇರುತ್ತದೆ.

9. ನೀರು ಏರಿತು ಅಂತ ಹೊಸ ಬೋರ್ ಹೊಡೆಸುವ ಮುಂಚೆ

ಕೋಲಾರದಲ್ಲಿ ಸಾವಿರ, ಸಾವಿರದೈನೂರು ಅಡಿ ಇಳಿದವರಿಗೆ ಮುನ್ನೂರು ಅಡಿಗೇ ನೀರು ಕಂಡರೆ ಕೈ ತಡೆಯುವುದು ಕಷ್ಟ. ಆದರೆ ಕೆರೆಗೆ ಬರುವ ನೀರು ನಿಂತ ದಿನ ಆ ಮಟ್ಟ ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಸುತ್ತ ಎಷ್ಟು ಮೋಟಾರ್ ಓಡುತ್ತಿವೆ ಅನ್ನುವುದರ ಮೇಲಿದೆ. ಅಂತರ್ಜಲ ಅತಿಯಾಗಿ ಬಳಕೆಯಾದ, ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಕೊರೆಯುವ ಮೊದಲು ಅನುಮತಿ ಬೇಕು. ಹಳೆ ಬೋರ್ ಬದುಕಿದ್ದರೆ ಅದರ ಮೋಟಾರನ್ನು ಮೇಲಕ್ಕೆ ಏರಿಸಿ, ಕರೆಂಟಿನ ಖರ್ಚು ಕಮ್ಮಿಯಾಗುತ್ತದೆ. ಅಷ್ಟು ಸಾಕಾದರೆ ಹೊಸದು ಯಾಕೆ?

ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಿಸಿ. ಏಪ್ರಿಲ್‌ನಲ್ಲಿ ಒಮ್ಮೆ, ಕೆರೆ ಬತ್ತಿ ಉಪ್ಪು ಗಟ್ಟಿಯಾದಾಗ. ನವೆಂಬರ್‌ನಲ್ಲಿ ಒಮ್ಮೆ, ಮಳೆ ನೀರು ಬೆರೆತ ಮೇಲೆ. ಟಿಡಿಎಸ್ ಮತ್ತು ಡ್ರಮ್ಮಿನ ಲೆಕ್ಕ ತಿಂಗಳಿಗೊಮ್ಮೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ

ನೀವೂ ಕೇಳುತ್ತಿದ್ದೀರಿ, ನಮ್ಮ ಎಸ್‌ಟಿಪಿಯಲ್ಲಿ ಮಿಕ್ಕ ನೀರನ್ನು ಆವರಣದ ಇಂಗುಬಾವಿಗೆ ಬಿಡಬಹುದಾ ಅಂತ. ಬೇಡ. ಇಂಗುಬಾವಿಗೆ ಚಾವಣಿಯ ಮಳೆ ನೀರು ಮಾತ್ರ. ಮಿಕ್ಕದ್ದನ್ನು ಫ್ಲಶ್‌ಗೆ, ಗಿಡಕ್ಕೆ, ಹತ್ತಿರದ ಕಟ್ಟಡ ಕೆಲಸಕ್ಕೆ ಕೊಡಿ. ಈ ನೀರಿನ ಪೈಪ್, ಕುಡಿಯುವ ನೀರಿನ ಪೈಪ್ ಎಲ್ಲೂ ಕೂಡದ ಹಾಗೆ ಬೇರೆ ಬೇರೆ ಬಣ್ಣ ಹೊಡೆಸಿ, ಪ್ಲಂಬರ್ ಬದಲಾದಾಗಲೆಲ್ಲ ಇನ್ನೊಮ್ಮೆ ನೋಡಿ.